ಕಲಬುರಗಿ ಲ್ಯಾಬಿನಾಗ ಕುಂತು ಕಡಲ ಬ್ಯಾಕ್ಟೀರಿಯಾದಿಂದ ಹೊಸ ಆ್ಯಂಟಿಬಯೋಟಿಕ್ ಹುಡುಕಬಹುದೇನ್ರಿ?

ತೊಗರಿಕಣಜ | ಸೋಮವಾರ ರಾತ್ರಿ 9:20
ಎಲ್ಲಾರಿಗೂ ನಮಸ್ಕಾರ್ರಿ. ಎಂಎಸ್ಸಿ ಮೈಕ್ರೋಬಯಾಲಜಿ ಪ್ರಾಜೆಕ್ಟು, ನಾಲ್ಕು ಮಂದಿ, ಕೈಯಾಗ ಆರು ತಿಂಗಳು. ಸಮುದ್ರದ ಕೆಸರಿನಾಗಿನ ಆ್ಯಕ್ಟಿನೋಮೈಸೀಟ್ಸ್ (ಆ್ಯಂಟಿಬಯೋಟಿಕ್ ಮಾಡೋದಕ್ಕ ಹೆಸರಾದ ಬ್ಯಾಕ್ಟೀರಿಯಾ ಗುಂಪು) ಬೆಳೆಸಿ, ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್ ಆರಿಯಸ್) ಮತ್ತ ಕಾರ್ಬಪೆನೆಮ್ ಅನ್ನೋ ಜೋರು ಆ್ಯಂಟಿಬಯೋಟಿಕ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮ್ಯಾಲ ಕೆಲಸ ಮಾಡೋ ಹೊಸ ಆ್ಯಂಟಿಬಯೋಟಿಕ್ ಹುಡುಕೋದು ವಿಷಯ. ಕಾರವಾರದಿಂದ ಕೆಸರು ತರೋ ವಿಚಾರ ಅದ. ಆಟೋಕ್ಲೇವ್, ಲ್ಯಾಮಿನಾರ್, ಒಂದೇ ಒಂದು ಬಿಓಡಿ ಇನ್‌ಕ್ಯುಬೇಟರ್, ಪಿಸಿಆರ್, ರೋಟರಿ ಇವ್ಯಾಪೊರೇಟರ್ ಅವ. ವಸ್ತು ಬೇರ್ಪಡಿಸೋ ಎಚ್‌ಪಿಎಲ್‌ಸಿ ಯಂತ್ರ ಇಲ್ಲ.

ಪ್ರಶ್ನೆ ಮೂರು. ಕೆಸರು ಹ್ಯಾಂಗ ತರಬೇಕು? ಸಮುದ್ರದ ನೀರಿನ ಬದಲಿ ಏನು ಬಳಸಬೇಕು? ಆರು ತಿಂಗಳಾಗ ಇದು ಹೊಸದು ಅಂತ ಹೇಳಾಕ ಆಗ್ತದೇನು?

ಭೀಮಾತೀರ | 9:31
ಮೂರನೇದಕ್ಕ ಉತ್ತರ: ಆಗಂಗಿಲ್ಲ. ಉಳಿದ ಎರಡಕ್ಕ ಶಾಣ್ಯಾರು ಬರ್ತಾರ, ಕಾಯ್ರಿ.

ಕಡಲಹಕ್ಕಿ | 9:58
ಕಾರವಾರದ ಕಡೆಯವರ ಮಾತು ಕೇಳಿ. ಕಾಳಿ ನದಿ ಸಮುದ್ರ ಸೇರೋ ಜಾಗದಲ್ಲಿ ಮಳೆಗಾಲದ ಕೆಸರು ತೆಗೀಬೇಡಿ. ನೀರು ಸಪ್ಪೆಯಾಗಿರ್ತದೆ, ಘಟ್ಟದಿಂದ ತೊಳೆದು ಬಂದ ಮಣ್ಣೂ ಅಲ್ಲೇ ಕೂತಿರ್ತದೆ. ನೀವು ಬೆಳೆಸಿದ್ದು ಕಡಲಿನದ್ದೋ ಕಾಡಿನದ್ದೋ ಅಂತ ಆಮೇಲೆ ಗೊತ್ತೇ ಆಗೋದಿಲ್ಲ. ಮಳೆ ನಿಂತು ಒಂದೆರಡು ತಿಂಗಳ ನಂತರ, ಇಳಿತದ ಹೊತ್ತಲ್ಲಿ, ನದಿ ಬಾಯಿಯಿಂದ ದೂರ ಹೋಗಿ ತೆಗೀರಿ.

ಒಂದು 20 ಮಿ.ಲೀ. ಸಿರಿಂಜಿನ ಮೂತಿ ಅಡ್ಡಕ್ಕೆ ಕತ್ತರಿಸಿ ಸ್ಟೆರೈಲ್ ಮಾಡಿಕೊಂಡ್ರೆ ಒಳ್ಳೆ ಕೋರರ್ ಆಗ್ತದೆ. ಕೆಸರಿಗೆ ಒತ್ತುವಾಗ ದಂಡ ಮೇಲೆ ಎಳೀತಾ ಹೋಗಬೇಕು, ಇಲ್ಲದಿದ್ರೆ ಪದರ ಕಲಸಿಹೋಗ್ತದೆ. ಮೇಲಿನ ತೆಳು ಪದರ ಬಿಟ್ಟು 2ರಿಂದ 5 ಸೆಂ.ಮೀ. ಆಳದ್ದನ್ನ 50 ಮಿ.ಲೀ. ಸ್ಟೆರೈಲ್ ಟ್ಯೂಬಿಗೆ ಹಾಕಿ. ಅಲ್ಲೇ ನಿಂತು ಉಪ್ಪಿನಂಶ, ಪಿಎಚ್, ಉಷ್ಣತೆ, ಅಕ್ಷಾಂಶ ರೇಖಾಂಶ ಬರ್ಕೊಳ್ಳಿ. ಕೈಯಲ್ಲಿ ಹಿಡಿಯೋ ರಿಫ್ರಾಕ್ಟೋಮೀಟರ್ ಸಾಕು, ಸಾಧಾರಣ ಕಡಲ ನೀರು ಲೀಟರಿಗೆ 35 ಗ್ರಾಂ ಆಸುಪಾಸು ತೋರಿಸ್ತದೆ.

ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ. ಫ್ರೀಜ್ ಮಾಡಬೇಡಿ. ಜೆಲ್ ಪ್ಯಾಕಿಗೆ ಟ್ಯೂಬ್ ನೇರ ತಾಗಿಸಬೇಡಿ, ನಡುವೆ ಒಂದು ಟವೆಲ್ ಇರಲಿ. ಕಾಂಡ್ಲಾ ಗಿಡ ಇರೋ ಜಾಗಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು ಮಾರಾಯ್ರೆ, ಕೇಳದೆ ಇಳಿಯಬೇಡಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇದೆ, ಮೊದಲು ಅವರಿಗೆ ಒಂದು ಪತ್ರ ಹಾಕಿ.

ಪೆಟ್ರಿಪ್ಲೇಟ್ | 10:24
ಕೆಸರು ಬಂತು ಅಂತ ತಿಳ್ಕೊಳ್ರಿ. ಮುಂದ ಎರಡು ದಾರಿ.

ಒಂದು, ಒಣಗಿಸೋದು. ಲ್ಯಾಮಿನಾರ್‌ನಾಗ ಸ್ಟೆರೈಲ್ ಪ್ಲೇಟಿನ್ಯಾಗ ತೆಳ್ಳಗ ಹರವಿ ಒಂದೆರಡು ದಿನ ಬಿಡ್ರಿ. ಪುಡಿ ಆದ ಮ್ಯಾಲ ಸ್ಟೆರೈಲ್ ಸ್ಪಂಜಿನ ತುದಿ ಅದಕ್ಕ ಒತ್ತಿ, ಅದೇ ಸ್ಪಂಜನ್ನ ಪ್ಲೇಟಿನ ಮ್ಯಾಲ ಎಂಟ್ಹತ್ತು ಸಲ ಸುತ್ತಲೂ ಒತ್ತಗೋತ ಹೋಗ್ರಿ. ಒತ್ತಿದಂಗ ಒತ್ತಿದಂಗ ತಾನೇ ಡೈಲ್ಯೂಟ್ ಆಗ್ತದ. ಎರಡು, ಬಿಸಿ. 1 ಮಿ.ಲೀ. ಹಸಿ ಕೆಸರಿಗೆ 4 ಮಿ.ಲೀ. ಸ್ಟೆರೈಲ್ ಕಡಲ ನೀರು, 55 ಡಿಗ್ರಿ ವಾಟರ್‌ಬಾತಿನಾಗ 6 ನಿಮಿಷ, ಆಮ್ಯಾಲ ವೋರ್ಟೆಕ್ಸ್, ಡೈಲ್ಯೂಷನ್. ಬೀಜಕ ಮಾಡದ ಜಲ್ದಿ ಬೆಳೆಯೋ ಬ್ಯಾಕ್ಟೀರಿಯಾ ಬಿಸಿಗೆ ಸಾಯ್ತಾವ, ಬೀಜಕ ಉಳೀತಾವ. ಬೀಜಕ ಮಾಡೋ ಬ್ಯಾಸಿಲಸ್ಸೂ ಉಳೀತದ, ಅದು ಬ್ಯಾರೆ ತಲಿನೋವು.

ಮೀಡಿಯಾ: ಎ1 ಅಂತ ಕರೀತಾರ. ಪಿಷ್ಟ 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 4, ಪೆಪ್ಟೋನ್ 2, ಅಗರ್ 18, ಕಡಲ ನೀರು 1 ಲೀಟರ್. ಅದನ್ನೇ ಹತ್ತರಾಗ ಒಂದು ಪಾಲು ಮಾಡಿದ ಬಡ ಮೀಡಿಯಾ ಒಂದು. ಸ್ಟಾರ್ಚ್ ಕೇಸೀನ್ ಇನ್ನೊಂದು. ಬೂಷ್ಟಕ್ಕ ಸೈಕ್ಲೋಹೆಕ್ಸಿಮೈಡ್ ಮಿ.ಲೀ.ಗೆ 50 ಮೈಕ್ರೋಗ್ರಾಂ, ಗ್ರಾಂ ನೆಗೆಟಿವ್ (ಹೊರಪೊರೆ ಒಂದು ಹೆಚ್ಚಿರೋ) ಬ್ಯಾಕ್ಟೀರಿಯಾ ಹತ್ತಿಕ್ಕಾಕ ನ್ಯಾಲಿಡಿಕ್ಸಿಕ್ ಆ್ಯಸಿಡ್ 20 ಮೈಕ್ರೋಗ್ರಾಂ. ಬಡ ಮೀಡಿಯಾ ಬಿಡಬ್ಯಾಡ್ರಿ. ಕಡಲ ತಳದಾಗ ಉಪವಾಸ ಇದ್ದ ಜೀವಕ್ಕ ಒಮ್ಮೆಲೆ ಹೋಳಿಗಿ ಊಟ ಹಾಕಿದ್ರ ಮ್ಯಾಲ ಏಳೋದು ಹೊಟ್ಟಿಬಾಕ ಬ್ಯಾಕ್ಟೀರಿಯಾ ಅಷ್ಟೇ.

ಸವಳುಭೂಮಿ | 10:41
ಅಲ್ರೀ, ಕಾರವಾರಕ್ಕ ಯಾಕ ಹೋಗ್ತೀರಿ? ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವಿ ನೀರು ಹರಿದು ಸವಳು ಬಿದ್ದ ಹೊಲ ಬೇಕಾದಷ್ಟು ಅವ. ಬ್ಯಾಸಿಗ್ಯಾಗ ನೆಲದ ಮ್ಯಾಲ ಬೆಳ್ಳಗ ಉಪ್ಪು ಹೊಂಟಿರ್ತದ. ಉಪ್ಪಿಗೆ ಒಗ್ಗಿದ ಆ್ಯಕ್ಟಿನೋಮೈಸೀಟ್ಸ್ ಅಲ್ಲೂ ಅವ, ನೋಕಾರ್ಡಿಯಾಪ್ಸಿಸ್ ಅಂಥಾವು. ಬಸ್ ಚಾರ್ಜಿನಾಗ ಕೆಲಸ ಮುಗೀತದ.

ಪೆಟ್ರಿಪ್ಲೇಟ್ | 10:49
ಛಲೋ ಜಾಗ, ಆದ್ರ ಹೆಸರು ಬದಲು ಮಾಡ್ಬೇಕಾಗ್ತದ. ಉಪ್ಪು ತಡಕೊಳ್ಳೋದು ಬ್ಯಾರೆ, ಕಡಲಿಲ್ಲದೆ ಬದುಕದಿರೋದು ಬ್ಯಾರೆ. ಸ್ಯಾಲಿನಿಸ್ಪೋರಾ ಅಂತ ಒಂದು ಕುಲ ಅದ, ಬಿಸಿ ಪ್ರದೇಶದ ಕಡಲ ತಳದಾಗ ಸಿಗ್ತದ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಫೆನಿಕಲ್ ಮತ್ತ ಜೆನ್ಸನ್ ಗುಂಪಿನವರು ಕೆಲಸ ಮಾಡಿದ್ದು. ಅದನ್ನ ಡಿಸ್ಟಿಲ್ಡ್ ನೀರಿನ ಪ್ಲೇಟಿನ್ಯಾಗ ಹಚ್ಚಿದ್ರ ಬೆಳೆಯಂಗಿಲ್ಲ. ನಿಮ್ಮ ಪ್ರತಿ ಐಸೊಲೇಟಿಗೂ (ಬೇರ್ಪಡಿಸಿ ಬೆಳೆಸಿದ ತಳಿಗೂ) ಇದೇ ಪರೀಕ್ಷೆ ಮಾಡ್ರಿ: ಒಂದೇ ಮೀಡಿಯಾ, ಒಂದು ಕಡಲ ನೀರಿನಾಗ, ಒಂದು ಡಿಸ್ಟಿಲ್ಡ್ ನೀರಿನಾಗ. ಎರಡರಾಗೂ ಸಮ ಬೆಳೆದ್ರ ಅದು ನೆಲದಿಂದ ಹೋಗಿ ಸೇರಿದ್ದೂ ಆಗಿರಬಹುದು.

ಸವಳುಭೂಮಿ | 10:55
ಕಡಲಿಂದ ಬಂತೋ ಹೊಲದಿಂದ ಬಂತೋ, ಕ್ಲೆಬ್ಸಿಯೆಲ್ಲಾಕ್ಕ ಏನು ಫರಕ್ ಬೀಳ್ತದ? ಔಷಧ ಸಿಕ್ರ ಸಾಕಲ್ಲ.

ಪೆಟ್ರಿಪ್ಲೇಟ್ | 11:02
ಫರಕ್ ಅದ. ನೆಲದ ಸ್ಟ್ರೆಪ್ಟೋಮೈಸೀಸ್ ಮಂದಿ 1940ರಿಂದ ಜಾಲಾಡಿಬಿಟ್ಟಾರ. ಹತ್ತು ತಗೊಂಡ್ರ ಒಂದರಾಗ ಸ್ಟ್ರೆಪ್ಟೋತ್ರೈಸಿನ್, ನೂರು ತಗೊಂಡ್ರ ಒಂದರಾಗ ಸ್ಟ್ರೆಪ್ಟೋಮೈಸಿನ್ ಸಿಗ್ತದ ಅಂತ ಲೆಕ್ಕ. ಸ್ಟ್ರೆಪ್ಟೋಮೈಸಿನ್ 1943ರಾಗ ಸಿಕ್ಕದ್ದು, ಅದನ್ನೇ ಮತ್ತ ಸಿಕ್ತು ಅಂತ ಸಂಭ್ರಮ ಪಡೋದೇನು? ಕಡಲಿಗೆ ಹೋಗೋದು ಅಲ್ಲಿ ಜೀವಿ ಬ್ಯಾರೆ, ಅದು ಮಾಡೋ ಅಣುನೂ ಬ್ಯಾರೆ ಇರಬಹುದು ಅನ್ನೋ ಆಸೆಗೆ. ಖಾತ್ರಿ ಇಲ್ಲ. ಸ್ಯಾಲಿನಿಸ್ಪೋರಾ ಅರೆನಿಕೋಲಾ ಮಾಡೋದ್ರಾಗ ರಿಫಾಮೈಸಿನ್ನೂ ಒಂದು, ಅದು 1957ರಿಂದ ಗೊತ್ತಿದ್ದ ಮಾಲು.

ಭೀಮಾತೀರ | 11:06
ಶಹಾಬಾದ್ ಫರಸಿ ಅಂದ್ರ ಒಂದು ಕಾಲದ ಸಮುದ್ರ ತಳನೇ ಅಲ್ಲೇನು? ನಮ್ಮ ಮನಿ ಅಂಗಳದಾಗೇ ಕಡಲ ಅದ, ಕೆರಕೊಂಡು ಹೋಗ್ರಿ.

ಕಡಲಹಕ್ಕಿ | 11:08
ಸುಣ್ಣದಕಲ್ಲು ಕಡಲಿನದ್ದೇ, ಆದ್ರೆ ಅದು ಕೋಟ್ಯಂತರ ವರ್ಷ ಹಳೇದು. ಈಗ ಕೆರೆದ್ರೆ ಸಿಗೋದು ನಿಮ್ಮ ಚಪ್ಪಲಿಯ ಬ್ಯಾಕ್ಟೀರಿಯಾ.

ರೋಟಾವ್ಯಾಪ್ | ಮಂಗಳವಾರ ಬೆಳಗ್ಗೆ 6:40
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೃತಕ ಕಡಲ ನೀರು, 1 ಲೀಟರಿಗೆ: ಸೋಡಿಯಂ ಕ್ಲೋರೈಡ್ 24 ಗ್ರಾಂ, ಆರು ನೀರಿನ ಮೆಗ್ನೀಸಿಯಂ ಕ್ಲೋರೈಡ್ 10.8, ಸೋಡಿಯಂ ಸಲ್ಫೇಟ್ 4, ಎರಡು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ 1.5, ಪೊಟ್ಯಾಸಿಯಂ ಕ್ಲೋರೈಡ್ 0.7, ಸೋಡಿಯಂ ಬೈಕಾರ್ಬೊನೇಟ್ 0.2. ಪೊಟ್ಯಾಸಿಯಂ ಬ್ರೋಮೈಡ್ 0.1 ಇದ್ದರೆ ಹಾಕಿ. ಕಡಲ ಜೀವಿಗಳ ಎಷ್ಟೋ ಅಣುಗಳಲ್ಲಿ ಬ್ರೋಮಿನ್, ಕ್ಲೋರಿನ್ ಕೂತಿರುತ್ತವೆ, ಬ್ರೋಮೈಡ್ ಇಲ್ಲದ ನೀರಲ್ಲಿ ಬ್ರೋಮಿನ್ ಇರೋ ಅಣು ಎಲ್ಲಿಂದ ಬರಬೇಕು?

ಎಲ್ಲವನ್ನೂ ಒಂದೇ ಫ್ಲಾಸ್ಕಿಗೆ ಸುರಿದು ಆಟೋಕ್ಲೇವ್ ಮಾಡಿದರೆ ಬಿಳಿ ಗಷ್ಟು ಕೂರುತ್ತದೆ. ಬಿಸಿಗೆ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾರ್ಬೊನೇಟ್ ಆಗಿ, ಫಾಸ್ಫೇಟ್ ಇದ್ದರೆ ಫಾಸ್ಫೇಟ್ ಆಗಿ ಇಳಿದುಬಿಡುತ್ತವೆ. ಸ್ಟಾರ್ಚ್ ಕೇಸೀನ್‌ನಲ್ಲಿ ಲೀಟರಿಗೆ 2 ಗ್ರಾಂ ಡೈಪೊಟ್ಯಾಸಿಯಂ ಫಾಸ್ಫೇಟ್ ಇರುವುದರಿಂದ ಅಲ್ಲಿ ಇದು ಖಂಡಿತ ಆಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದು ಬಾಟಲಿ, ಉಳಿದದ್ದು ಇನ್ನೊಂದು, ಎರಡೂ 50 ಡಿಗ್ರಿಗೆ ಇಳಿದ ಮೇಲೆ ಕೂಡಿಸಿ. ಫಾಸ್ಫೇಟನ್ನು 0.2 ಗ್ರಾಂಗೆ ಇಳಿಸಿ. ಫಾಸ್ಫೇಟ್ ಜಾಸ್ತಿಯಾದರೆ ಎಷ್ಟೋ ಸ್ಟ್ರೆಪ್ಟೋಮೈಸೀಸ್‌ಗಳು ಆ್ಯಂಟಿಬಯೋಟಿಕ್ ಮಾಡುವುದನ್ನೇ ನಿಲ್ಲಿಸುತ್ತವೆ, ಹಾಗಾಗಿ ಇಳಿಸುವುದರಿಂದ ಎರಡು ಲಾಭ.

ಗಂಜ್‌ಗೆಳೆಯ | 7:15
ಅಡಿಗಿ ಉಪ್ಪು 35 ಗ್ರಾಂ ಹಾಕಿದ್ರ ಆಗಂಗಿಲ್ಲೇನ್ರಿ? ಅಗ್ಗ.

ರೋಟಾವ್ಯಾಪ್ | 7:22
ಅದರಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಿರಲು ಹಾಕಿದ ಪುಡಿ ಇರುತ್ತದೆ, ಮೆಗ್ನೀಸಿಯಂ ಇರುವುದಿಲ್ಲ. ಸೈಂಧವ ಲವಣವೂ ಕಡಲ ನೀರಲ್ಲ. ದುಡ್ಡು ಉಳಿಸಬೇಕಿದ್ದರೆ ಕಡಲ ಮೀನು ಸಾಕುವವರು ಬಳಸುವ ಅಕ್ವೇರಿಯಂ ಉಪ್ಪು ತನ್ನಿ, ಲೀಟರಿಗೆ 33-35 ಗ್ರಾಂ. ಕಾರವಾರಕ್ಕೆ ಹೋದಾಗ 20 ಲೀಟರ್ ಕ್ಯಾನಿನಲ್ಲಿ ನೀರೇ ತಂದರೆ ಇನ್ನೂ ಅಗ್ಗ. ಕತ್ತಲಲ್ಲಿ ಎರಡು ಮೂರು ವಾರ ಇಟ್ಟು ಸೋಸಿ ಬಳಸಿ.

ಜೀರಗಿ_ಜೋಳ | 8:03
ಯಾರೂ ಬಿಸಿಲಿನ ಮಾತು ಎತ್ತವಲ್ರು. ಈ ಪ್ಲೇಟ್‌ಗಳು 28 ಡಿಗ್ರಿಯಾಗ ಎರಡರಿಂದ ಆರು ವಾರ ಇರಬೇಕು. ಮೇ ತಿಂಗಳಾಗ ನಮ್ಮಲ್ಲಿ 42 ದಾಟ್ತದ, ಕರೆಂಟ್ ಹೋದ್ರ ಬಿಓಡಿ ಒಳಗ ಎರಡು ತಾಸಿನಾಗ ಹೊರಗಿನಷ್ಟೇ ಕುದಿ. ಎರಡನೇ ವಾರಕ್ಕ ಅಗರ್ ಒಣಗಿ ಹಪ್ಪಳ. ಮಾಮೂಲಿ 15-20 ಮಿ.ಲೀ. ಬ್ಯಾಡ, 25ರಿಂದ 30 ಮಿ.ಲೀ. ಹೊಯ್ರಿ. ಪ್ಲೇಟ್ ಸುತ್ತ ಪ್ಯಾರಾಫಿಲ್ಮ್, ಹತ್ತು ಹತ್ತು ಪ್ಲೇಟ್ ಒಂದು ಪಾಲಿಥಿನ್ ಚೀಲದಾಗ, ಬಿಓಡಿ ತಳಕ್ಕ ಒಂದು ಟ್ರೇ ನೀರು. ಅಗರ್ ಒಣಗಿದ್ರ ಬರೇ ಒಣಗೋದಲ್ಲ, ಉಪ್ಪಿನ ಪ್ರಮಾಣ ಏರ್ತದ. ಶೇಕಡಾ 3.5 ಇದ್ದದ್ದು 5 ಆಗಿ ಕುಂತಿರ್ತದ, ನಿಮಗ ಗೊತ್ತೇ ಆಗಂಗಿಲ್ಲ.

ಮೊದಲ ವಾರ ಬಂದ ಕಾಲನಿಗೆ ಮನಸೋಲಬ್ಯಾಡ್ರಿ. ತಡ ಮಾಡಿ ಬರೋವು ಬೇಕು. ಸ್ಯಾಲಿನಿಸ್ಪೋರಾ ಇದ್ರ ಕಿತ್ತಳಿ ಬಣ್ಣದ ಗಟ್ಟಿ ಕಾಲನಿ, ಮ್ಯಾಲ ಬೂದಿಯಂಥ ಪುಡಿ ಇರಂಗಿಲ್ಲ, ಬೀಜಕ ಮಾಡಿದಂಗ ಕಪ್ಪಗಾಗ್ತದ.

ವಾರ್ಡ್‌ಏಳು | 1:30
ಕೆಲಸ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ಆಸ್ಪತ್ರೆಯಿಂದ ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾ ಇಸಿದುಕೊಂಡು ಬಂದು ಕಾಲೇಜು ಲ್ಯಾಬಿನಲ್ಲಿ ತೆರೆಯಬೇಡಿ. ಕಾರ್ಬಪೆನೆಮ್ ಒಡೆಯುವ ಎನ್‌ಡಿಎಂ ಜೀನ್ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಡಿಎನ್‌ಎ ಉಂಗುರ) ಮೇಲೆ ಕೂತಿರುತ್ತದೆ, ಪಕ್ಕದ ಇ. ಕೋಲಿಗೂ ದಾಟುತ್ತದೆ. ಬಯೋಸೇಫ್ಟಿ ಎರಡನೇ ಹಂತದ ವ್ಯವಸ್ಥೆ, ಸಂಸ್ಥೆಯ ಸುರಕ್ಷತಾ ಸಮಿತಿಯ ಒಪ್ಪಿಗೆ, ತ್ಯಾಜ್ಯ ಆಟೋಕ್ಲೇವ್ ಆಗಿಯೇ ಹೊರಗೆ ಹೋಗುವ ಪದ್ಧತಿ, ಇವಿಲ್ಲದೆ ಆ ಮಾತೇ ಬೇಡ.

ಮೊದಲ ಜರಡಿಗೆ ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಲ್ಯಾಬಿನ ಇ. ಕೋಲಿ ಕೆ-12 ಸಾಕು. ಎರಡನೇ ಹಂತಕ್ಕೆ ಪ್ರಮಾಣಿತ ತಳಿಗಳು: ಸ್ಟ್ಯಾಫ್ ಆರಿಯಸ್ ಎಟಿಸಿಸಿ 29213, ಎಂಆರ್‌ಎಸ್‌ಎಗೆ 43300, ಇ. ಕೋಲಿ 25922. ಚಂಡೀಗಢದ ಎಂಟಿಸಿಸಿ, ಪುಣೆಯ ಎನ್‌ಸಿಐಎಂ ಸಂಗ್ರಹಗಳಿಂದಲೂ ತಳಿ ತರಿಸಬಹುದು. ಎಂಆರ್‌ಎಸ್‌ಎ ಪರೀಕ್ಷೆಗೆ 33ರಿಂದ 35 ಡಿಗ್ರಿ ಮೀರಬಾರದು, ಅದಕ್ಕಿಂತ ಬಿಸಿಯಾದರೆ ಮೆಥಿಸಿಲಿನ್ ನಿರೋಧಕತೆ ಮರೆಯಾಗಿ ಕಾಣಬಹುದು. ಕಲಬುರಗಿಯ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ಭೀಮಾತೀರ | 1:41
ಡಾಕ್ಟ್ರೇ, ಎರಡು ದಿನದ ನೆಗಡಿಗೆ ಮೆಡಿಕಲ್ ಶಾಪಿನಾಗ ಅಜಿತ್ರೋಮೈಸಿನ್ ಮೂರು ಗುಳಗಿ ಕೊಟ್ಟು ಕಳಸ್ತಾರ. ಅದನ್ನ ನಿಲ್ಲಿಸಿದ್ರ ಸಮುದ್ರಕ್ಕ ಹೋಗೋ ಜರೂರೇ ಇಲ್ಲ.

ವಾರ್ಡ್‌ಏಳು | 1:55
ನೆಗಡಿ ವೈರಸ್ಸಿನದ್ದು, ಆ ಗುಳಿಗೆ ಅದಕ್ಕೆ ನಾಟುವುದೇ ಇಲ್ಲ. ಆದರೆ ನಿಲ್ಲಿಸಿದರೂ ಈಗಾಗಲೇ ಹುಟ್ಟಿದ ನಿರೋಧಕ ತಳಿ ಮಾಯ ಆಗುವುದಿಲ್ಲ. 2019ರಲ್ಲಿ ಜಗತ್ತಿನಾದ್ಯಂತ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾದ ಸಾವು 12.7 ಲಕ್ಷ ಎಂದು ಅಂದಾಜು. ಎರಡೂ ಬೇಕು, ಇದ್ದ ಔಷಧದ ಜೋಪಾನವೂ, ಹೊಸದರ ಹುಡುಕಾಟವೂ.

ಬೀದರ್‌ಗವಾನ್ | 2:20
ಬರೀ ಮೆಡಿಕಲ್ ಶಾಪಿನವರಿಗೆ ಬೈಬ್ಯಾಡ್ರಿ. ಕೋಳಿ ಫಾರ್ಮಿನಾಗ ಮೈ ಬರ್ಲಿ ಅಂತ ಕೊಲಿಸ್ಟಿನ್ ತಿನ್ನಸ್ತಿದ್ರು, ಆಹಾರಕ್ಕ ಸಾಕೋ ಪ್ರಾಣಿಗಳಿಗೆ ಅದು ನಿಷೇಧ ಆಗಿದ್ದು 2019ರಾಗ. ಮನುಷ್ಯರಿಗೆ ಅದು ಕಟ್ಟಕಡಿಗೆ ಉಳಿದ ಅಸ್ತ್ರ. ಮತ್ತ ನಮ್ಮ ಬೀದರಿಂದ ಹೈದರಾಬಾದ್ ರಸ್ತೆ ಹಿಡಿದ್ರ ಪಟಾನ್‌ಚೆರು ಬರ್ತದ. ಅಲ್ಲಿನ ಔಷಧ ಕಾರ್ಖಾನಿಗಳ ಕೊಳಕು ನೀರು ಶುದ್ಧ ಮಾಡೋ ಘಟಕದಿಂದ ಹೊರಬಿದ್ದ ನೀರಿನಾಗ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೋಫ್ಲಾಕ್ಸಸಿನ್ ಸಿಕ್ಕದ್ದು 2007ರಾಗ ಪ್ರಕಟ ಆಯ್ತು. ರಕ್ತದಾಗ ಇರಬೇಕಾದ್ದಕ್ಕಿಂತ ಹೆಚ್ಚು!

ಇನ್ನೊಂದು, ತೊಗರಿ ತಮ್ಮಾ. ಬೀದರಿನ ಪಶು ವಿಶ್ವವಿದ್ಯಾಲಯದ ಮೀನುಗಾರಿಕೆ ಕಾಲೇಜು ಮಂಗಳೂರಾಗ ಅದ. ಕಡಲಿಲ್ಲದ ಊರಿನ ವಿಶ್ವವಿದ್ಯಾಲಯಕ್ಕ ಕಡಲ ದಂಡಿಮ್ಯಾಲ ಕಾಲೇಜು! ಅಲ್ಲೂ ಒಂದು ಪತ್ರ ಹಾಕ್ರಿ.

ಪೆಟ್ರಿಪ್ಲೇಟ್ | 4:10
ದಾರಿ ಬಿಟ್ಟೇವಿ, ತಿರುಗಿ ಬರೋಣ. ಝೋನ್ ವಿಷಯ, ಅಂದ್ರ ತುಂಡಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವರ್ತುಲ. ಬಹಳ ಪ್ರಾಜೆಕ್ಟು ಕೆಡೋದು ಇಲ್ಲೇ.

ಏಳರಿಂದ ಹತ್ತು ದಿನದ ಬೆಳಿಯಿಂದ 6 ಮಿ.ಮೀ. ಅಗರ್ ತುಂಡು ಕಾರ್ಕ್ ಬೋರರಿನಿಂದ ತೆಗೀರಿ. ಮ್ಯೂಲರ್ ಹಿಂಟನ್ ಅಗರ್ 4 ಮಿ.ಮೀ. ದಪ್ಪ, 0.5 ಮ್ಯಾಕ್‌ಫರ್ಲ್ಯಾಂಡ್ ಮಬ್ಬಿನ (ಬ್ಯಾಕ್ಟೀರಿಯಾ ಸಾಂದ್ರತೆಯ ಅಳತಿ) ಗುರಿ ಬ್ಯಾಕ್ಟೀರಿಯಾ ಹಚ್ಚಿ, ತುಂಡು ಇಟ್ಟು, 4 ಡಿಗ್ರಿಯಾಗ ಎರಡು ತಾಸು ಬಿಟ್ಟು ಆಮ್ಯಾಲ ಇನ್‌ಕ್ಯುಬೇಟರ್. ಫ್ರಿಜ್ಜಿನಾಗ ಇದ್ದಾಗ ವಸ್ತು ಹರಡ್ತದ, ಗುರಿ ಬೆಳೆಯಂಗಿಲ್ಲ, ಝೋನ್ ಸ್ವಚ್ಛ ಕಾಣ್ತದ.

ಈಗ ಝೋನ್ ಬಂತು. ಕುಣಿಯೋಕಿಂತ ಮೊದಲು ಇಷ್ಟು ನೋಡ್ರಿ. ಏನೂ ಬೆಳೆಸದ ಬರೀ ಕಡಲ ನೀರಿನ ಮೀಡಿಯಾ ತುಂಡು ಅದೇ ಪ್ಲೇಟಿನ್ಯಾಗ ಇಟ್ಟೀರೇನು? ಸ್ಟ್ಯಾಫ್ ಆರಿಯಸ್ ಉಪ್ಪಿಗೆ ಜಗ್ಗಂಗಿಲ್ಲ, ಇ. ಕೋಲಿ ಜಗ್ತದ. ಇ. ಕೋಲಿ ಮ್ಯಾಲ ಮಾತ್ರ ಸಣ್ಣ ಮಬ್ಬು ಝೋನ್ ಅಂದ್ರ ಉಪ್ಪಿನ ಮ್ಯಾಲೇ ಮೊದಲ ಸಂಶಯ. ತುಂಡಿನ ಪಿಎಚ್ ನೋಡೀರೇನು? ಆಮ್ಲ ಬಿಟ್ರೂ ಝೋನ್ ಬರ್ತದ. ಕಬ್ಬಿಣ ಹಿಡಕೊಳ್ಳೋ ಸಿಡೆರೊಫೋರ್ ಬಿಟ್ರೂ ಬರ್ತದ, ಗುರಿ ಬ್ಯಾಕ್ಟೀರಿಯಾಕ್ಕ ಕಬ್ಬಿಣ ಸಿಗದೆ ಉಪವಾಸ ಬೀಳ್ತದ. ಫೆರಿಕ್ ಕ್ಲೋರೈಡ್ 100 ಮೈಕ್ರೋಮೋಲಾರ್ ಸೇರಿಸಿದ ಪ್ಲೇಟಿನ್ಯಾಗ ಮತ್ತ ಮಾಡ್ರಿ, ಝೋನ್ ಮಾಯ ಆದ್ರ ಅದು ಆ್ಯಂಟಿಬಯೋಟಿಕ್ ಅಲ್ಲ.

ತೊಗರಿಕಣಜ | 4:32
ಕಬ್ಬಿಣದ್ದು ಹೊಳದೇ ಇರಲಿಲ್ರಿ ಸರ್. ಝೋನ್ ದೊಡ್ಡದಿದ್ದಷ್ಟೂ ಔಷಧ ಜೋರು ಅಂತ ಲೆಕ್ಕ ಹಿಡೀಬಹುದೇನು?

ರೋಟಾವ್ಯಾಪ್ | 5:05
ಹಿಡಿಯಬಾರದು. ದೊಡ್ಡ ಅಣು, ನೀರಿಗೆ ಕೂಡದ ಅಣು ಅಗರ್‌ನಲ್ಲಿ ತೆವಳುತ್ತದೆ. ಕೊಲಿಸ್ಟಿನ್‌ನ ಝೋನ್ ನಂಬಲಾಗದು ಎನ್ನುವುದು ಇದೇ ಕಾರಣಕ್ಕೆ. ಎಷ್ಟು ಬೇಕು ಎನ್ನುವುದನ್ನು ಬ್ರಾತ್‌ನಲ್ಲೇ ಅಳೆಯಬೇಕು.

ಬೇರ್ಪಡಿಸುವುದು ಹೀಗೆ. 1 ಲೀಟರ್ ಬ್ರಾತ್, ಹತ್ತರಿಂದ ಹದಿನಾಲ್ಕು ದಿನ ಶೇಕರ್. ಎಕ್ಸ್‌ಎಡಿ-16 ರೆಸಿನ್ (ಅಣುಗಳನ್ನು ಹೀರಿ ಹಿಡಿಯುವ ಮಣಿ) 20 ಗ್ರಾಂ, ಮೊದಲು ಮೆಥನಾಲ್‌ನಲ್ಲಿ ತೊಳೆದು, ನೀರಲ್ಲಿ ಆಟೋಕ್ಲೇವ್ ಮಾಡಿ, ಕೊನೆಯ ಕೆಲವು ದಿನ ಬ್ರಾತ್‌ಗೇ ಹಾಕಿ. ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ರೆಸಿನನ್ನು ಡಿಸ್ಟಿಲ್ಡ್ ನೀರಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಉಪ್ಪು ಹೋಗುವುದು ಇಲ್ಲಿ. ಆಮೇಲೆ ಅಸಿಟೋನ್‌ನಲ್ಲಿ ನೆನೆಸಿ ಇಳಿಸಿ, 40 ಡಿಗ್ರಿ ಮೀರದಂತೆ ರೋಟರಿಯಲ್ಲಿ ಆರಿಸಿ. ರೆಸಿನ್ ಇಲ್ಲದಿದ್ದರೆ ಸೋಸಿದ ಬ್ರಾತ್‌ಗೆ ಸಮಸಮ ಈಥೈಲ್ ಅಸಿಟೇಟ್, ಮೂರು ಸಲ. ನೊರೆನೊರೆಯಾಗಿ ಪದರ ಒಡೆಯದಿದ್ದರೆ ಒಂದು ಹಿಡಿ ಸೋಡಿಯಂ ಕ್ಲೋರೈಡ್ ಹಾಕಿ ಬಿಡಿ. ನೀರಿನ ಪದರ ಚೆಲ್ಲಬೇಡಿ! ಅದನ್ನೂ ಪರೀಕ್ಷೆ ಮಾಡಬೇಕು.

ಬಂದ ಗಟ್ಟಿಯನ್ನು ಡಿಎಂಎಸ್‌ಒ ದ್ರಾವಕದಲ್ಲಿ ಮಿ.ಲೀ.ಗೆ 10 ಮಿಲಿಗ್ರಾಂ ಕರಗಿಸಿ. 96 ಗುಂಡಿಯ ಪ್ಲೇಟ್, ಕ್ಯಾಟಯಾನ್ ಹೊಂದಿಸಿದ ಮ್ಯೂಲರ್ ಹಿಂಟನ್ ಬ್ರಾತ್, ಮಿ.ಲೀ.ಗೆ 5 ಲಕ್ಷ ಬ್ಯಾಕ್ಟೀರಿಯಾ, ಡಿಎಂಎಸ್‌ಒ ಶೇಕಡಾ 1 ಮೀರಬಾರದು, 16ರಿಂದ 20 ಗಂಟೆ. ಆ ಬ್ರಾತ್‌ನಲ್ಲಿ ಲೀಟರಿಗೆ ಕ್ಯಾಲ್ಸಿಯಂ 20-25 ಮಿಲಿಗ್ರಾಂ, ಮೆಗ್ನೀಸಿಯಂ 10-12.5 ಇರಬೇಕು. ಕಡಲ ನೀರಲ್ಲಿ ಕ್ಯಾಲ್ಸಿಯಂ ಸುಮಾರು 400, ಮೆಗ್ನೀಸಿಯಂ 1,290. ಉಪ್ಪು ತೊಳೆಯದ ಎಕ್ಸ್‌ಟ್ರ್ಯಾಕ್ಟ್ ಹಾಕಿದರೆ ಅಮಿನೋಗ್ಲೈಕೋಸೈಡ್‌ನಂಥ ಔಷಧ ಸೂಡೋಮೊನಾಸ್ ಮೇಲೆ ಸೋತಂತೆ ಕಾಣುತ್ತದೆ, ಡ್ಯಾಪ್ಟೋಮೈಸಿನ್‌ನಂಥದ್ದು ಗೆದ್ದಂತೆ ಕಾಣುತ್ತದೆ. ಎರಡೂ ಸುಳ್ಳು.

ಜೀರಗಿ_ಜೋಳ | 5:18
ರೆಸಾಜುರಿನ್ ಬಣ್ಣ ಹಾಕಿ ನೋಡೋದು ಸುಲಭ ಅಲ್ಲೇನ್ರಿ? 0.015 ಪರ್ಸೆಂಟಿಂದು 30 ಮೈಕ್ರೋಲೀಟರ್, ನೀಲಿ ಉಳಿದ್ರ ಬೆಳೆದಿಲ್ಲ, ಗುಲಾಬಿ ಆದ್ರ ಬೆಳೆದದ.

ರೋಟಾವ್ಯಾಪ್ | 5:26
ಸುಲಭ, ಆದರೆ ಎಕ್ಸ್‌ಟ್ರ್ಯಾಕ್ಟೇ ಹಳದಿ ಕೆಂಪು ಇದ್ದರೆ ಕಣ್ಣಿಗೆ ಮೋಸ. ಕೆಲವು ಎಕ್ಸ್‌ಟ್ರ್ಯಾಕ್ಟ್ ಬ್ಯಾಕ್ಟೀರಿಯಾ ಇಲ್ಲದೆಯೂ ರೆಸಾಜುರಿನ್ನನ್ನು ಗುಲಾಬಿ ಮಾಡುತ್ತದೆ. ಬ್ಯಾಕ್ಟೀರಿಯಾ ಹಾಕದ, ಎಕ್ಸ್‌ಟ್ರ್ಯಾಕ್ಟ್ ಮಾತ್ರ ಇರುವ ಒಂದು ಸಾಲು ಇಟ್ಟುಕೊಳ್ಳಿ.

ಪೆಟ್ರಿಪ್ಲೇಟ್ | 6:02
ನೀರಿನ ಪದರ ಯಾಕ ಇಡಬೇಕು ಅಂದ್ರ: ಸ್ಟ್ರೆಪ್ಟೋತ್ರೈಸಿನ್, ಅಮಿನೋಗ್ಲೈಕೋಸೈಡ್ ಈಥೈಲ್ ಅಸಿಟೇಟಿಗೆ ಬರಂಗಿಲ್ಲ, ನೀರಿನಾಗೇ ಉಳೀತಾವ. ಶಕ್ತಿ ಪೂರಾ ನೀರಿನಾಗ ಅದ, ಇ. ಕೋಲಿನೂ ಸಾಯ್ತದ ಅಂದ್ರ ಹಳೇ ಪರಿಚಯಸ್ತರು ಅಂತ ಅನುಮಾನ ಪಡ್ರಿ. ಈಥೈಲ್ ಅಸಿಟೇಟಿಗೆ ಕಿತ್ತಳಿ ಹಳದಿ ಬಂತು, ಗ್ರಾಂ ಪಾಸಿಟಿವ್ ಮಾತ್ರ ಸಾಯ್ತಾವ, 440 ನ್ಯಾನೋಮೀಟರ್ ಹತ್ರ ಬೆಳಕು ಹೀರ್ತದ ಅಂದ್ರ ಆ್ಯಕ್ಟಿನೋಮೈಸಿನ್ ಇರಬಹುದು. ಕ್ಯಾಂಡಿಡಾ ಸಾಯ್ತದ, 360, 380, 405ರ ಹತ್ರ ಮೂರು ಶಿಖರ ಅಂದ್ರ ಹೆಪ್ಟಾಯೀನ್ ಪಾಲಿಯೀನ್ (ಶಿಲೀಂಧ್ರ ಕೊಲ್ಲೋ ಹಳೇ ಔಷಧ ಗುಂಪು). ಇದಕ್ಕೆಲ್ಲ ಎಚ್‌ಪಿಎಲ್‌ಸಿ ಬ್ಯಾಡ, ಯುವಿ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಉಳಿದದ್ದನ್ನ ಎಲ್‌ಸಿ-ಎಂಎಸ್ (ಅಣುವಿನ ತೂಕ ಹೇಳೋ ಯಂತ್ರ) ಇರೋ ಕಡೆ ಕಳಿಸಿ, ಡೇಟಾವನ್ನ ಜಿಎನ್‌ಪಿಎಸ್ ಅನ್ನೋ ಆನ್‌ಲೈನ್ ಭಂಡಾರದಾಗ ಹಾಕಿ ಹೋಲಿಸ್ರಿ, ಅದು ಪುಕ್ಕಟೆ.

16ಎಸ್ (ಬ್ಯಾಕ್ಟೀರಿಯಾದ ಗುರುತು ಹಚ್ಚೋ ಜೀನ್) ಪಿಸಿಆರ್ 27ಎಫ್, 1492ಆರ್ ಪ್ರೈಮರಿನಿಂದ. ಆ್ಯಕ್ಟಿನೋಮೈಸೀಟ್ಸ್ ಡಿಎನ್‌ಎದಾಗ ಜಿ-ಸಿ ಶೇಕಡಾ 70ರ ಆಸುಪಾಸು, ಎಳಿ ಬಿಚ್ಚಂಗಿಲ್ಲ, ಬ್ಯಾಂಡ್ ಬರಂಗಿಲ್ಲ. ಡಿಎಂಎಸ್‌ಒ ಶೇಕಡಾ 5 ಹಾಕ್ರಿ. ಶೇಕಡಾ 98.7ಕ್ಕಿಂತ ಕಡಿಮಿ ಹೋಲಿಕಿ ಬಂದ್ರ ಹೊಸ ಪ್ರಭೇದ ಇರಬಹುದು. ಆದ್ರ ಹೊಸ ಪ್ರಭೇದ ಅಂದ ಮಾತ್ರಕ್ಕ ಹೊಸ ಅಣು ಅಲ್ಲ, ಹಳೇ ಪ್ರಭೇದ ಅಂದ ಮಾತ್ರಕ್ಕ ಹಳೇ ಅಣುನೂ ಅಲ್ಲ. ಸ್ಯಾಲಿನಿಸ್ಪೋರಾ ಟ್ರಾಪಿಕಾ, ಅರೆನಿಕೋಲಾ ಎರಡರ 16ಎಸ್ 99ಕ್ಕಿಂತ ಹೆಚ್ಚು ಹೋಲ್ತದ, ಮಾಡೋ ಮಾಲು ಬ್ಯಾರೆ ಬ್ಯಾರೆ.

ಗಂಜ್‌ಗೆಳೆಯ | 6:20
ಸೆಫಲೋಸ್ಪೊರಿನ್ ಕಡಲ ಬ್ಯಾಕ್ಟೀರಿಯಾದಿಂದನೇ ಬಂದದ್ದಲ್ರೀ? ಅಂದ್ರ ದಾರಿ ಹಳೇದೇ.

ವಾರ್ಡ್‌ಏಳು | 6:33
ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. 1945ರಲ್ಲಿ ಸಾರ್ಡಿನಿಯಾದ ಕಾಲ್ಯಾರಿಯಲ್ಲಿ ಜುಸೆಪ್ಪೆ ಬ್ರೋಟ್ಸು ಊರ ಚರಂಡಿ ಸಮುದ್ರ ಸೇರುವ ಜಾಗದ ನೀರಿನಿಂದ ಬೆಳೆಸಿದ್ದು. ಕಡಲಿನದ್ದು ಎನ್ನುವುದಕ್ಕಿಂತ ಚರಂಡಿಯದ್ದು ಎನ್ನಬಹುದು.

ಪೆಟ್ರಿಪ್ಲೇಟ್ | 6:40
ಖರೇ ಕಡಲ ಆ್ಯಕ್ಟಿನೋಮೈಸೀಟಿಂದು ಬೇಕಂದ್ರ ಅಬಿಸ್ಸೋಮೈಸಿನ್ ಸಿ ನೋಡ್ರಿ. ಜಪಾನ್ ಸಮುದ್ರದಾಗ 289 ಮೀಟರ್ ಆಳದ ಕೆಸರು, 2004ರಾಗ ಪ್ರಕಟ. ಬ್ಯಾಕ್ಟೀರಿಯಾ ಫೋಲೇಟ್ ಮಾಡಾಕ ಬೇಕಾದ ಪ್ಯಾರಾ ಅಮಿನೋ ಬೆಂಜೋಯಿಕ್ ಆ್ಯಸಿಡ್ ತಯಾರಿನೇ ತಡೀತದ, ಎಂಆರ್‌ಎಸ್‌ಎ ಮ್ಯಾಲ ಕೆಲಸ ಮಾಡ್ತದ. ಆಂತ್ರಾಸಿಮೈಸಿನ್ 2013, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಹತ್ರದ ಕೆಸರು. ಎರಡೂ ಇನ್ನೂ ಅಂಗಡಿಗೆ ಬಂದಿಲ್ಲ.

ಸವಳುಭೂಮಿ | 6:44
ಅಂದ್ರ ಇಪ್ಪತ್ತು ವರ್ಷ ಆದ್ರೂ ಔಷಧ ಆಗಿಲ್ಲ. ಅದನ್ನೇ ಹೇಳ್ಲಿಕ್ಹತ್ತೀನಿ, ಕಡಲು ಅಂತ ಹೆಸರು ದೊಡ್ಡದು.

ವಾರ್ಡ್‌ಏಳು | 7:10
ಕಾರಣ ಕಡಲಲ್ಲ. ಪ್ಲೇಟಿನಲ್ಲಿ ಕೊಂದದ್ದು ದೇಹದಲ್ಲಿ ಕೊಲ್ಲಬೇಕು, ರೋಗಿಯನ್ನು ಬಿಟ್ಟು ಕೊಲ್ಲಬೇಕು. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೈಕಟ್ಟಿ ಕೂರುವ ಅಣುಗಳೇ ಎಷ್ಟೋ. ನಿಮ್ಮ ಹಂತದಲ್ಲಿ ಮಾಡಬಹುದಾದ ಅಗ್ಗದ ಜರಡಿ ಹಿಮೋಲಿಸಿಸ್, ಅಂದರೆ ರಕ್ತಕಣ ಒಡೆಯುತ್ತದೆಯೇ ಎಂಬ ಪರೀಕ್ಷೆ. ಕುರಿಯ ರಕ್ತಕಣ ತೊಳೆದು ಪಿಬಿಎಸ್‌ನಲ್ಲಿ ಶೇಕಡಾ 2, ಎಕ್ಸ್‌ಟ್ರ್ಯಾಕ್ಟ್ ಸೇರಿಸಿ 37 ಡಿಗ್ರಿ ಒಂದು ಗಂಟೆ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು 540 ನ್ಯಾನೋಮೀಟರ್‌ನಲ್ಲಿ ಓದಿ. ಪೂರ್ತಿ ಒಡೆದದ್ದಕ್ಕೆ ಟ್ರೈಟನ್ ಎಕ್ಸ್-100 ಶೇಕಡಾ 1, ಒಡೆಯದ್ದಕ್ಕೆ ಬರೀ ಪಿಬಿಎಸ್ ಮತ್ತು ಡಿಎಂಎಸ್‌ಒ. ಬ್ಯಾಸಿಲಸ್‌ನ ಸರ್ಫ್ಯಾಕ್ಟಿನ್ ಇಲ್ಲೇ ಸಿಕ್ಕಿಬೀಳುತ್ತದೆ, ಅದು ಸೋಪಿನ ಜಾತಿ, ಸಿಕ್ಕ ಪೊರೆಯನ್ನೆಲ್ಲ ಹರಿಯುತ್ತದೆ.

ಕ್ಲೆಬ್ಸಿಯೆಲ್ಲಾ ಆಸೆ ಕಡಿಮೆ ಇಟ್ಟುಕೊಳ್ಳಿ. ಗ್ರಾಂ ನೆಗೆಟಿವ್‌ಗೆ ಹೊರಪೊರೆ ಒಂದು ಹೆಚ್ಚು, ಒಳಗೆ ಬಂದದ್ದನ್ನು ಹೊರಗೆ ತಳ್ಳುವ ಪಂಪು ಬೇರೆ. ಅಣು ಒಳ್ಳೆಯದೇ ಇದ್ದು ಒಳಗೆ ಹೋಗುತ್ತಿಲ್ಲವೋ, ನಿಜವಾಗಿಯೂ ಕೆಲಸವಿಲ್ಲವೋ ಎಂದು ತಿಳಿಯಲು ಆ ಪಂಪಿಗೆ ಬೇಕಾದ ಟೋಲ್‌ಸಿ ಜೀನ್ ತೆಗೆದ ಇ. ಕೋಲಿ ತಳಿಯ ಮೇಲೂ ನೋಡಿ. ಅಲ್ಲಿ ಸತ್ತು ಮಾಮೂಲಿ ತಳಿಯಲ್ಲಿ ಬದುಕಿದರೆ ಪಂಪು ತಳ್ಳುತ್ತಿದೆ ಎಂದರ್ಥ.

ಕಡಲಹಕ್ಕಿ | 7:25
ಪೇಟೆಂಟ್ ಕನಸಿದ್ರೆ ಈಗಲೇ ಕಾಗದ ಸರಿ ಇಟ್ಕೊಳ್ಳಿ, ಯಾವ ದಿನ, ಎಲ್ಲಿಂದ, ಯಾರ ಅನುಮತಿ ಅಂತ. ಜೀವವೈವಿಧ್ಯ ಕಾಯ್ದೆ 2002ರದ್ದು, ಪೇಟೆಂಟಿಗೆ ಹೋಗೋರು ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಬಾಗಿಲು ತಟ್ಟಲೇಬೇಕು. ಹೊರದೇಶದ ಲ್ಯಾಬಿನವರು ಸ್ಟ್ರೇನ್ ಕಳಿಸಿ ಅಂದ್ರೆ ಪಾರ್ಸೆಲ್ ಮಾಡಿಬಿಡಬೇಡಿ.

ತೊಗರಿಕಣಜ | ಬುಧವಾರ ಬೆಳಗ್ಗೆ 7:50
ಎಲ್ಲಾ ಓದಿ ಶೀರ್ಷಿಕೆನಿಂದ ಹೊಸ ಅನ್ನೋ ಪದ ತೆಗೆದೀವ್ರಿ, ಕ್ಲೆಬ್ಸಿಯೆಲ್ಲಾನೂ ತೆಗೆದೀವಿ. ಈಗಿನ ಲೆಕ್ಕ: ನಾಲ್ಕು ಕೆಸರು, ಮೂರು ಮೀಡಿಯಾ, ಮೂರು ಡೈಲ್ಯೂಷನ್, ಎರಡೆರಡು ಪ್ಲೇಟ್, ಒಟ್ಟು 72. ಆರು ವಾರ ಬೆಳೆಸೋದು, ನಾಲ್ಕು ವಾರ ಶುದ್ಧ ಮಾಡಿ ಶೇಕಡಾ 20 ಗ್ಲಿಸರಾಲಿನಾಗ ಇಡೋದು, ಮೂರು ವಾರ ಝೋನ್ ಮತ್ತ ಅದರ ಕಂಟ್ರೋಲು, ಉಳಿದದ್ದು ಎಕ್ಸ್‌ಟ್ರ್ಯಾಕ್ಟು. ಸವಳುಭೂಮಿ ಅಣ್ಣಾ, ನಿಮ್ಮ ಶಹಾಪುರದ ಮಣ್ಣು ಒಂದು ಹೋಲಿಕಿಗೆ ಇಡ್ತೀವಿ.

ಸವಳುಭೂಮಿ | 8:01
ಈಗ ದಾರಿಗೆ ಬಂದ್ರಿ. ಹೊಲದವ್ರನ್ನ ಕೇಳಿ ತಗೊಳ್ರಿ ಮತ್ತ.

ಪೆಟ್ರಿಪ್ಲೇಟ್ | 8:09
ಶಹಾಪುರದ ಮಣ್ಣು ಐದನೇದು ಆಯ್ತು, 72 ಅಲ್ಲ, 90 ಪ್ಲೇಟ್. ಜೊತಿಗೆ ಪ್ರತಿ ಮೀಡಿಯಾದ್ದು ಎರಡು ಖಾಲಿ ಪ್ಲೇಟ್ ಗಾಳಿಗೆ ತೆರೆದು ಇಡ್ರಿ, ನಿಮ್ಮ ಲ್ಯಾಬಿನ ಧೂಳಿನಾಗ ಯಾವ ಸ್ಟ್ರೆಪ್ಟೋಮೈಸೀಸ್ ಅದ ಅಂತ ಗೊತ್ತಿರಲಿ. ಒಟ್ಟು 96. ಗ್ಲಿಸರಾಲ್ ಸ್ಟಾಕ್ ಐಸೊಲೇಟ್ ಸಿಕ್ಕ ವಾರನೇ ಮಾಡ್ರಿ, ನಾಲ್ಕು ವಾರ ಕಾಯಬ್ಯಾಡ್ರಿ. ಮ್ಯಾಲಿಂದ ಮ್ಯಾಲ ಸಬ್‌ಕಲ್ಚರ್ ಮಾಡಿದಂಗ ಆ್ಯಂಟಿಬಯೋಟಿಕ್ ಮಾಡೋದನ್ನೇ ಮರೀತಾವ.

ತೊಗರಿಕಣಜ | 8:15
96 ಪ್ಲೇಟಿಗೆ 25 ಮಿ.ಲೀ.ನಂಗ 2.4 ಲೀಟರ್. ಸೈಕ್ಲೋಹೆಕ್ಸಿಮೈಡ್ 120 ಮಿಲಿಗ್ರಾಂ. ಮೀಡಿಯಾದ ಜೊತಿನೇ ಆಟೋಕ್ಲೇವ್ ಮಾಡೋದೇನ್ರಿ?

ರೋಟಾವ್ಯಾಪ್ | 8:19
ಬೇಡ. ಕಡಲ ನೀರಿನ ಪಿಎಚ್ 8ರ ಹತ್ತಿರ, ಅದು ಕ್ಷಾರದಲ್ಲಿ ಕೆಡುವ ವಸ್ತು, ಅದರ ಮೇಲೆ ಆಟೋಕ್ಲೇವ್ ಬಿಸಿ ಬೇರೆ. ಮಿ.ಲೀ.ಗೆ 10 ಮಿಲಿಗ್ರಾಂ ದ್ರಾವಣ ಮಾಡಿ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮೀಡಿಯಾ 50 ಡಿಗ್ರಿಗೆ ಇಳಿದ ಮೇಲೆ 12 ಮಿ.ಲೀ. ಹಾಕಿ. ನ್ಯಾಲಿಡಿಕ್ಸಿಕ್ ಬರೀ ನೀರಲ್ಲಿ ಕರಗದು, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, 48 ಮಿಲಿಗ್ರಾಂ. ಎರಡನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಬೇಡಿ, ಆ ಕ್ಷಾರಕ್ಕೇ ಮೊದಲನೆಯದು ಸಾಯುತ್ತದೆ.

ಜೀರಗಿ_ಜೋಳ | 8:24
ಸೈಕ್ಲೋಹೆಕ್ಸಿಮೈಡ್ ಮನುಷ್ಯರಿಗೂ ವಿಷ. ತೂಗುವಾಗ ಫ್ಯಾನ್ ಬಂದ್ ಮಾಡ್ರಿ, ಗ್ಲೌಸ್ ಮಾಸ್ಕ್ ಹಾಕ್ರಿ.

ಭೀಮಾತೀರ | 8:26
ಮೇ ತಿಂಗಳಾಗ ಕಲಬುರಗಿಯೊಳಗ ಫ್ಯಾನ್ ಬಂದ್ ಮಾಡು ಅಂತೀರಿ?

ಜೀರಗಿ_ಜೋಳ | 8:27
ಹತ್ತು ನಿಮಿಷ, ಯಪ್ಪಾ. ತೂಗೂದು ಬೆಳಗ್ಗೆ ಆರಕ್ಕ ಮುಗಿಸ್ಲಿ.